ಭಿನ್ನಮತದ ನಡುವಣ ಸ್ನೇಹ: ರಾಜಾಜಿ ಮತ್ತು ಪೆರಿಯಾರ್

ಕನ್ನಡ ಜನಪದವು ಸ್ನೇಹವನ್ನು ರಕ್ತಸಂಬಂಧಕ್ಕೆ ಸಮನಾದ ಬಂಧವೆಂದು ಪರಿಗಣಿಸುತ್ತ ಬಂದಿದೆ. ಪಂಪನು 941ರಲ್ಲಿ ರಚಿಸಿದ ‘ವಿಕ್ರಮಾರ್ಜುನ ವಿಜಯ’ದಿಂದ ತೊಡಗಿ ದೊಡ್ಡಾಟ, ಯಕ್ಷಗಾನ, ತಾಳಮದ್ದಳೆಗಳವರೆಗೆ ಕರ್ಣನ ಪಾತ್ರಕ್ಕೆ ದೊರೆತಿರುವ ಮನ್ನಣೆಯೇ ಇದಕ್ಕೆ ಸಾಕ್ಷಿ. ತನ್ನ ಹುಟ್ಟಿನ ಗುಟ್ಟನ್ನು ಅರಿತ ಮೇಲೂ ಕರ್ಣನು ದುರ್ಯೋಧನನ ಪಕ್ಷವನ್ನು ಬಿಡಲಿಲ್ಲ. ಅಲ್ಲಿ ಪಕ್ಷವನ್ನು ನಿರ್ಧರಿಸುವುದು ಸ್ನೇಹದ ಋಣ. ಆಧುನಿಕ ರಾಜಕಾರಣವು ಈ ಸಂಬಂಧವನ್ನು ತಿರುವುಮುರುವು ಮಾಡಿತು. ಸಿದ್ಧಾಂತ, ಸಂಘಟನೆ ಮತ್ತು ಚುನಾವಣೆಗಳ ಆಧಾರದ ಮೇಲೆ ಪಕ್ಷಗಳು ರೂಪುಗೊಂಡಾಗ, ಗೆಳೆಯರು ಎದುರುಬದುರಾಗಿ ನಿಲ್ಲುವ ಪ್ರಸಂಗಗಳು ಅನಿವಾರ್ಯವಾದವು. ಗೆಳೆಯನ ಪಕ್ಷವನ್ನು ತೊರೆದವನು ಸ್ನೇಹವನ್ನೂ ತೊರೆಯಬೇಕೇ? ತೊರೆಯದಿದ್ದರೆ ಅದರ ಬೆಲೆಯನ್ನು ತೆರುವವರು ಯಾರು? ಚಕ್ರವರ್ತಿ ರಾಜಗೋಪಾಲಾಚಾರಿ ಹಾಗೂ ಪೆರಿಯಾರ್ ಈ.ವೆ. ರಾಮಸ್ವಾಮಿ ಅವರ ಅರ್ಧಶತಮಾನಕ್ಕೂ ಮಿಕ್ಕಿದ ಒಡನಾಟವು ಈ ಪ್ರಶ್ನೆಗಳ ಪರಿಶೀಲನೆಗೆ ತಕ್ಕ ನಿದರ್ಶನವಾಗಿದೆ.

ಈ ಇಬ್ಬರಿಗೂ ಕನ್ನಡದ ನಂಟಿತ್ತೆಂಬುದು ಗಮನಾರ್ಹ. ರಾಜಾಜಿ ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ತಮಿಳು, ತೆಲುಗು, ಕನ್ನಡ ಮೂರೂ ಕಲೆಯುವ ಹೊಸೂರು ಸೀಮೆಯ ತೊರಪಳ್ಳಿಯಲ್ಲಿ. ಹೊಸೂರಿನಲ್ಲಿ ಶಾಲೆ ಕಲಿತು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮದರಾಸಿನಲ್ಲಿ ಕಾನೂನು ವ್ಯಾಸಂಗ ಮುಗಿಸಿದ ಅವರು ಸೇಲಂನಲ್ಲಿ ವಕೀಲಿವೃತ್ತಿ ಹಿಡಿದರು. ಪೆರಿಯಾರ್ ಹುಟ್ಟಿದ್ದು 1879ರ ಸೆಪ್ಟೆಂಬರ್ 17ರಂದು ಈರೋಡಿನಲ್ಲಿ. ಅಲ್ಲಿ ವ್ಯಾಪಾರದಿಂದ ಸಿರಿವಂತರಾಗಿದ್ದ ಕನ್ನಡ ಮಾತೃಭಾಷೆಯ ಬಲಿಜ ಕುಟುಂಬ ಅವರದು. ಒಬ್ಬರು ವೈಷ್ಣವ ಬ್ರಾಹ್ಮಣ, ಕಾನೂನು ಪಂಡಿತ, ಮಿತಭಾಷಿ. ಇನ್ನೊಬ್ಬರು ಶಾಲೆಯ ಓದನ್ನು ಬೇಗನೆ ಬಿಟ್ಟು ಮಂಡಿಯಲ್ಲಿ ಲೋಕವ್ಯವಹಾರ ಕಲಿತ ನಿಷ್ಠುರವಾದಿ. 1910ರ ದಶಕದ ಕೊನೆಯಲ್ಲಿ ರಾಜಾಜಿ ಸೇಲಂ ಪುರಸಭೆಯ, ಪೆರಿಯಾರ್ ಈರೋಡ್ ಪುರಸಭೆಯ ಅಧ್ಯಕ್ಷರಾಗಿದ್ದರು. ನೆರೆಯೂರುಗಳ ಆಡಳಿತದ ಹೊಣೆ ಹೊತ್ತ ಈ ಕಾಲದಲ್ಲಿಯೇ ಅವರ ಸ್ನೇಹ ಬಲಿಯಿತು. ರಾಜಾಜಿಯವರ ಒತ್ತಾಸೆಯಿಂದ ಪೆರಿಯಾರ್ ಕಾಂಗ್ರೆಸ್ಸನ್ನು ಸೇರಿದರು. ಅಸಹಕಾರ ಚಳವಳಿಯ ದಿನಗಳಲ್ಲಿ ಖಾದಿ ಪ್ರಚಾರ, ಪಾನನಿಷೇಧ ಇಬ್ಬರಿಗೂ ಸಮಾನ ಕಾರ್ಯಕ್ಷೇತ್ರಗಳಾದವು. 1921ರಲ್ಲಿ ಈರೋಡಿನ ಹೆಂಡದಂಗಡಿಗಳ ಮುಂದೆ ಪೆರಿಯಾರರ ಪತ್ನಿ ನಾಗಮ್ಮೈ ಮತ್ತು ಸೋದರಿ ಕಣ್ಣಮ್ಮಾಳ್ ಪಿಕೆಟಿಂಗ್ ನಡೆಸಿದ್ದು ಆ ಚಳವಳಿಯ ಪ್ರಸಿದ್ಧ ಘಟನೆ.

ಬಿರುಕು ಕಾಣಿಸಿಕೊಂಡದ್ದು ಜಾತಿಯ ಪ್ರಶ್ನೆಯಲ್ಲಿ. ಶೇರನ್‌ಮಹಾದೇವಿಯಲ್ಲಿ ವ.ವೇ.ಸು. ಅಯ್ಯರ್ ನಡೆಸುತ್ತಿದ್ದ, ಕಾಂಗ್ರೆಸ್ಸಿನ ಧನಸಹಾಯ ಪಡೆದ ಗುರುಕುಲದಲ್ಲಿ ಬ್ರಾಹ್ಮಣ ಹಾಗೂ ಬ್ರಾಹ್ಮಣೇತರ ಮಕ್ಕಳಿಗೆ ಬೇರೆಬೇರೆ ಪಂಕ್ತಿಯಿದ್ದುದು ದೊಡ್ಡ ವಿವಾದವಾಯಿತು. 1925ರ ನವೆಂಬರಿನಲ್ಲಿ ಕಾಂಚೀಪುರದಲ್ಲಿ ಸೇರಿದ ಪ್ರಾಂತೀಯ ಸಮ್ಮೇಳನದಲ್ಲಿ ಸಮುದಾಯವಾರು ಪ್ರಾತಿನಿಧ್ಯದ ನಿರ್ಣಯಕ್ಕೆ ಅವಕಾಶ ದೊರೆಯದಿದ್ದಾಗ ಪೆರಿಯಾರ್ ಸಭೆಯಿಂದ ಹೊರನಡೆದರು. ಅದೇ ವರ್ಷ ರಾಜಾಜಿ ತಿರುಚೆಂಗೋಡಿನಲ್ಲಿ ಗಾಂಧಿ ಆಶ್ರಮವನ್ನು ತೆರೆದಿದ್ದರು. ಪೆರಿಯಾರ್ ಈರೋಡಿನಿಂದ ‘ಕುಡಿ ಅರಸು’ ಪತ್ರಿಕೆಯನ್ನು ಆರಂಭಿಸಿದ್ದರು. ಹತ್ತಿರ ಹತ್ತಿರದ ಎರಡು ಊರುಗಳಿಂದ ಎರಡು ಭಿನ್ನ ಮಾರ್ಗಗಳು ಹೊರಟವು. ಒಂದು, ಸಂಪ್ರದಾಯದೊಳಗೆ ನಿಂತು ಅಸ್ಪೃಶ್ಯತೆಯನ್ನು ನೀಗುವ ಗಾಂಧಿಮಾರ್ಗ. ಮತ್ತೊಂದು, ಜಾತಿಗೆ ಆಧಾರವಾದ ಧರ್ಮವನ್ನೇ ನಿರಾಕರಿಸುವ ಸ್ವಾಭಿಮಾನ ಮಾರ್ಗ.

ಈ ಭೇದವು ಅಧಿಕಾರದ ಸ್ಪರ್ಶ ಪಡೆದದ್ದು 1937ರಲ್ಲಿ ರಾಜಾಜಿ ಮದರಾಸು ಪ್ರಾಂತ್ಯದ ಪ್ರಧಾನಿಯಾದಾಗ. 1938ರ ಏಪ್ರಿಲ್‌ನಲ್ಲಿ ಅವರ ಸರ್ಕಾರವು 125 ಮಾಧ್ಯಮಿಕ ಶಾಲೆಗಳಲ್ಲಿ ಹಿಂದುಸ್ತಾನಿಯನ್ನು ಕಡ್ಡಾಯಗೊಳಿಸಿ ಆದೇಶ ಹೊರಡಿಸಿತು. ವಿರೋಧಿ ಚಳವಳಿಯ ಮುಂಚೂಣಿಯಲ್ಲಿ ಪೆರಿಯಾರ್ ಇದ್ದರು. ಸಾವಿರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಹಿಂದೆ ಕಾಂಗ್ರೆಸ್ಸೇ ಖಂಡಿಸಿದ್ದ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯಿದೆಯನ್ನು ಈಗ ಕಾಂಗ್ರೆಸ್ ಸರ್ಕಾರವೇ ಚಳವಳಿಗಾರರ ಮೇಲೆ ಪ್ರಯೋಗಿಸಿತು. ಪೆರಿಯಾರರಿಗೂ ಶಿಕ್ಷೆಯಾಗಿ ಅವರನ್ನು ಬಳ್ಳಾರಿಯ ಸೆರೆಮನೆಯಲ್ಲಿಡಲಾಯಿತು. ತಮಿಳಿಗಾಗಿ ಹೋರಾಡಿದ ಅರುವತ್ತರ ಸಮೀಪದ ನಾಯಕನನ್ನು, ಅವನ ಮನೆಮಾತಾದ ಕನ್ನಡವನ್ನೇ ಆಡುವ ಸೀಮೆಗೆ ಹಳೆಯ ಗೆಳೆಯನ ಸರ್ಕಾರವೇ ಕಳುಹಿಸಿತ್ತು. ಅವರು ಸೆರೆಯಲ್ಲಿದ್ದಾಗಲೇ ಜಸ್ಟೀಸ್ ಪಕ್ಷವು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. 1939ರಲ್ಲಿ ಅವರ ಬಿಡುಗಡೆಯಾಯಿತು. ಯುದ್ಧದ ಪ್ರಶ್ನೆಯ ಮೇಲೆ ರಾಜಾಜಿ ಮಂತ್ರಿಮಂಡಲವು ಅದೇ ವರ್ಷದ ಅಕ್ಟೋಬರಿನಲ್ಲಿ ರಾಜೀನಾಮೆ ನೀಡಿತು. 1940ರ ಫೆಬ್ರವರಿಯಲ್ಲಿ ಗವರ್ನರ್ ಆಡಳಿತವು ಕಡ್ಡಾಯದ ಆದೇಶವನ್ನು ಹಿಂತೆಗೆದುಕೊಂಡಿತು.

ಆದರೆ ಆ ವೇಳೆಗೆ ನಟರಾಜನ್ ಮತ್ತು ತಾಳಮುತ್ತು ಎಂಬ ಇಬ್ಬರು ಬಂಧಿತ ಯುವಕರು 1939ರಲ್ಲಿ ಅಸುನೀಗಿದ್ದರು. ಇಬ್ಬರು ಹಿರಿಯರ ಮೈತ್ರಿಯ ಔದಾರ್ಯವನ್ನು ಕೊಂಡಾಡುವ ಬರವಣಿಗೆಗಳು ಈ ಸಂಗತಿಯನ್ನು ಬದಿಗೆ ಸರಿಸುವುದುಂಟು. ನಾಯಕರು ಕಹಿಯನ್ನು ಮರೆತು ಮತ್ತೆ ಮಾತನಾಡಬಲ್ಲರು. ಅನುಯಾಯಿಗಳ ಪಾಲಿಗೆ ಅಂಥ ಮರಳುವಿಕೆ ಯಾವಾಗಲೂ ಸಾಧ್ಯವಾಗುವುದಿಲ್ಲ. ಸ್ನೇಹದ ಇತಿಹಾಸವನ್ನು ಬರೆಯುವಾಗ ಈ ಅಸಮಾನತೆಯನ್ನು ಮರೆಯುವಂತಿಲ್ಲ.

ಅನುಯಾಯಿಗಳ ಈ ಸಂಕಟವು ಇನ್ನೊಂದು ಬಗೆಯಲ್ಲಿ ಪ್ರಕಟವಾದದ್ದು 1949ರಲ್ಲಿ. 1947ರ ಆಗಸ್ಟ್ 15ನ್ನು ಶೋಕದಿನವೆಂದು ಪೆರಿಯಾರ್ ಸಾರಿದ್ದರು. ರಾಜಾಜಿ 1948ರಲ್ಲಿ ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದರು. ಇಷ್ಟು ಅಂತರವಿದ್ದರೂ, ರಾಜಾಜಿ 1949ರ ಮೇ ತಿಂಗಳಲ್ಲಿ ತಿರುವಣ್ಣಾಮಲೈಗೆ ಬಂದಾಗ ಪೆರಿಯಾರ್ ಅವರನ್ನು ರೈಲಿನ ಸಲೂನಿನಲ್ಲಿ ಖಾಸಗಿಯಾಗಿ ಕಂಡರು. ಮಾತುಕತೆಯ ವಿವರವನ್ನು ಇಬ್ಬರೂ ಹೊರಗೆಡಹಲಿಲ್ಲ. ಜುಲೈನಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿದ್ದ ಪೆರಿಯಾರ್ ತಮಗಿಂತ ಬಹಳ ಕಿರಿಯರಾದ ಮಣಿಯಮ್ಮೈಯವರನ್ನು ವಿವಾಹವಾದರು. ದ್ರಾವಿಡರ್ ಕಳಗಂನಲ್ಲಿ ತಳಮಳವೆದ್ದಿತು. ಈ ವಿವಾಹಕ್ಕೆ ರಾಜಾಜಿಯವರ ಸಲಹೆಯೇ ಪ್ರೇರಣೆ, ಚಳವಳಿಯನ್ನು ಒಡೆಯಲು ಅವರು ಹೂಡಿದ ತಂತ್ರವಿದು ಎಂಬ ವದಂತಿ ಹಬ್ಬಿತು. ಶೋಕದಿನದ ವಿಷಯದಲ್ಲಿ ಮೊದಲೇ ಭಿನ್ನಾಭಿಪ್ರಾಯ ಹೊಂದಿದ್ದ ಸಿ.ಎನ್. ಅಣ್ಣಾದುರೈ ಮತ್ತು ಸಂಗಡಿಗರು ಹೊರಬಂದು 1949ರ ಸೆಪ್ಟೆಂಬರ್ 17ರಂದು, ಅಂದರೆ ಪೆರಿಯಾರರ ಹುಟ್ಟುಹಬ್ಬದಂದೇ, ದ್ರಾವಿಡ ಮುನ್ನೇಟ್ರ ಕಳಗಂ ಸ್ಥಾಪಿಸಿದರು. ಹೊಸ ಪಕ್ಷದ ಅಧ್ಯಕ್ಷ ಪೀಠವನ್ನು ಅವರು ಪೆರಿಯಾರರಿಗಾಗಿ ಖಾಲಿ ಬಿಟ್ಟರು.

ವಾಸ್ತವದಲ್ಲಿ ರಾಜಾಜಿ ಈ ವಿವಾಹವನ್ನು ಪ್ರೋತ್ಸಾಹಿಸಿರಲಿಲ್ಲವೆಂಬುದು ಬಹುಕಾಲದ ನಂತರ ಬೆಳಕಿಗೆ ಬಂದ ಅವರ ಖಾಸಗಿ ಪತ್ರದಿಂದ ತಿಳಿಯುತ್ತದೆ. ಆ ಪತ್ರವನ್ನು ಬಹಿರಂಗಪಡಿಸಿದ್ದರೆ ವದಂತಿ ಅಡಗುತ್ತಿತ್ತು. ಗೆಳೆಯನು ಗೋಪ್ಯವೆಂದು ಬರೆದದ್ದನ್ನು ಪೆರಿಯಾರ್ ತಮ್ಮ ಸಮರ್ಥನೆಗೆ ಬಳಸಿಕೊಳ್ಳಲಿಲ್ಲ. ಜಾನಪದ ಅಧ್ಯಯನದ ದೃಷ್ಟಿಯಿಂದ ಈ ಪ್ರಸಂಗ ಮಹತ್ವದ್ದು. ವದಂತಿಯು ಬೆಳೆಯುವುದು ಮಾಹಿತಿಯಿಲ್ಲದ ತೆರಪಿನಲ್ಲಿ. ಅದು ಸಮುದಾಯದಲ್ಲಿ ಮೊದಲೇ ನೆಲೆಸಿರುವ ಸಂದೇಹಕ್ಕೆ ಕಥೆಯ ರೂಪ ಕೊಡುತ್ತದೆ. ಬ್ರಾಹ್ಮಣ ರಾಜಕಾರಣಿಯನ್ನು ನಂಬಬಾರದೆಂದು ಕಾಲು ಶತಮಾನ ಉಪದೇಶ ಕೇಳಿದ ಅನುಯಾಯಿಗಳಿಗೆ ಸಲೂನಿನ ಮುಚ್ಚಿದ ಬಾಗಿಲು ಪಿತೂರಿಯಂತೆ ಕಂಡದ್ದು ಸಹಜ. ಸ್ನೇಹಧರ್ಮದ ಮೌನವು ರಾಜಕೀಯಧರ್ಮದ ಪಾರದರ್ಶಕತೆಗೆ ವಿರುದ್ಧವಾಗಿ ನಿಂತಿತು. ಹಳೆಯ ಒಂದು ಸ್ನೇಹ ಉಳಿಯಿತು. ಗುರುಶಿಷ್ಯರ ಇನ್ನೊಂದು ಸಂಬಂಧ ಮುರಿಯಿತು.

ಈ ಸ್ನೇಹವು ವೈರವನ್ನು ಮೆತ್ತಗಾಗಿಸಿತೆಂದೂ ಹೇಳಲಾಗದು. 1952ರಲ್ಲಿ ಮತ್ತೆ ಮುಖ್ಯಮಂತ್ರಿಯಾದ ರಾಜಾಜಿ, ಮರುವರ್ಷ ಗ್ರಾಮೀಣ ಪ್ರಾಥಮಿಕ ಶಾಲೆಗಳ ಪಾಠದ ಅವಧಿಯನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಉಳಿದ ವೇಳೆಯಲ್ಲಿ ಮಕ್ಕಳು ಮನೆಯ ಕಸುಬನ್ನು ಕಲಿಯುವ ಯೋಜನೆಯನ್ನು ತಂದರು. ಶಾಲೆಗಳ ಕೊರತೆಯ ನಡುವೆ ಹೆಚ್ಚು ಮಕ್ಕಳಿಗೆ ಅವಕಾಶ ಕಲ್ಪಿಸುವುದು ಅವರ ಉದ್ದೇಶವಾಗಿತ್ತು. ಪೆರಿಯಾರ್ ಅದರಲ್ಲಿ ಕಂಡದ್ದು ಕುಂಬಾರನ ಮಗನನ್ನು ಕುಂಬಾರನನ್ನಾಗಿಯೇ ಉಳಿಸುವ ಕುಲಶಿಕ್ಷಣ. ತೀವ್ರ ಪ್ರತಿರೋಧದ ನಡುವೆ 1954ರ ಏಪ್ರಿಲ್‌ನಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ನಂತರ ಬಂದ ಕೆ. ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ಕಾಂಗ್ರೆಸ್ಸನ್ನು ಮೂರು ದಶಕ ವಿರೋಧಿಸಿದ್ದ ಪೆರಿಯಾರ್ ಕಾಮರಾಜರ ಬೆಂಬಲಕ್ಕೆ ನಿಂತರೆ, ಕಾಂಗ್ರೆಸ್ಸಿನ ಹಿರಿಯಾಳಾದ ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದರು. ಮುಂದೆ ಹಿಂದಿಯ ಹೇರಿಕೆಯನ್ನು ಸ್ವತಃ ರಾಜಾಜಿಯೇ ವಿರೋಧಿಸಿದರು. 1967ರ ಚುನಾವಣೆಯಲ್ಲಿ ಅವರು ಅಣ್ಣಾದುರೈಯವರ ಪಕ್ಷದೊಂದಿಗೆ ಮೈತ್ರಿ ಮಾಡಿಕೊಂಡರು. ಪೆರಿಯಾರ್ ಕಾಂಗ್ರೆಸ್ಸಿನ ಪರವಾಗಿದ್ದರು. ನೆಲೆಗಳು ಅದಲುಬದಲಾದರೂ ಇಬ್ಬರೂ ಎದುರುಬದುರಾಗಿಯೇ ಉಳಿದರು. ಗೆದ್ದ ಅಣ್ಣಾದುರೈ ತಿರುಚಿರಾಪಳ್ಳಿಗೆ ಹೋಗಿ ಪೆರಿಯಾರರನ್ನು ಕಂಡಾಗ 1949ರಲ್ಲಿ ಮುರಿದ ಸಂಬಂಧ ಮತ್ತೆ ಕೂಡಿಕೊಂಡಿತು.

1972ರ ಡಿಸೆಂಬರ್ 25ರಂದು ರಾಜಾಜಿ ಮದರಾಸಿನಲ್ಲಿ ನಿಧನರಾದರು. ತೊಂಬತ್ತಮೂರು ವರ್ಷದ ಪೆರಿಯಾರ್ ಗಾಲಿಕುರ್ಚಿಯಲ್ಲಿ ಅಂತ್ಯಕ್ರಿಯೆಗೆ ಬಂದು ಎಲ್ಲರೆದುರು ಕಣ್ಣೀರಿಟ್ಟರು. ವೈದಿಕ ಸಂಸ್ಕಾರಗಳನ್ನು ಜೀವನವಿಡೀ ಖಂಡಿಸಿದವರು ಆ ಸಂಸ್ಕಾರ ನಡೆಯುವಲ್ಲಿಗೆ ಬಂದದ್ದು ನಂಬಿಕೆ ಬದಲಾದುದರಿಂದಲ್ಲ. ಒಂದು ವರ್ಷಕ್ಕೆ ಒಂದು ದಿನ ಕಡಿಮೆಯಿರುವಾಗ, 1973ರ ಡಿಸೆಂಬರ್ 24ರಂದು, ಪೆರಿಯಾರರೂ ತೀರಿಕೊಂಡರು.

ಈ ಒಡನಾಟದಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಸ್ನೇಹಿತನಿಗಾಗಿ ಇಬ್ಬರಲ್ಲಿ ಯಾರೂ ತಮ್ಮ ವಾದವನ್ನು ಸಡಿಲಿಸಲಿಲ್ಲ. ಈ ಅರ್ಥದಲ್ಲಿ ಇದು ಕರ್ಣನ ಸ್ನೇಹಕ್ಕಿಂತ ಭಿನ್ನವಾದುದು. ಎರಡನೆಯದಾಗಿ, ಬಹಿರಂಗದ ಜಗಳವನ್ನು ಬಹಿರಂಗದಲ್ಲಿ ಪೂರ್ಣವಾಗಿ ಆಡಿದ್ದರಿಂದಲೇ ಖಾಸಗಿ ವಿಶ್ವಾಸಕ್ಕೆ ಎಡೆ ಉಳಿಯಿತು. ಮೂರನೆಯದಾಗಿ, ಈ ವಿಭಜನೆಯನ್ನು ನಾಯಕರು ಎಷ್ಟು ಸಲೀಸಾಗಿ ನಿಭಾಯಿಸಿದರೋ ಅಷ್ಟು ಸಲೀಸಾಗಿ ಅವರ ಹಿಂದೆ ನಡೆದವರು ನಿಭಾಯಿಸಲಾಗಲಿಲ್ಲ. ತಿರುವಣ್ಣಾಮಲೈಯ ಮೌನವೂ ಮದರಾಸಿನ ಕಣ್ಣೀರೂ ಜನರ ಬಾಯಲ್ಲಿ ಐತಿಹ್ಯಗಳಾಗಿ ಉಳಿದಿವೆ. ಅವುಗಳ ಜೊತೆಯಲ್ಲಿ ಸೆರೆಯಲ್ಲಿ ಮಡಿದ ಇಬ್ಬರ ಹೆಸರನ್ನೂ ದಾಖಲಿಸಿದಾಗಲೇ ಈ ಮೈತ್ರಿಯ ಚರಿತ್ರೆ ಪೂರ್ಣವಾಗುತ್ತದೆ.