ಕಿವಿಯೊಳಗಿನ ಸದ್ದು, ಕಿವಿಗಿಟ್ಟ ಯಂತ್ರ

1878ರಲ್ಲಿ ಪ್ರಾಗ್ ನಗರದ ಮನೆಯೊಂದರಲ್ಲಿ ನಾಲ್ವರು ವಾದ್ಯಗಾರರು ಕೂಡಿ ಒಂದು ಹೊಸ ಕೃತಿಯನ್ನು ನುಡಿಸಿದರು. ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊ. ವಿಯೋಲ ಹಿಡಿದವನು ಮುಂದೆ ಜಗತ್ಪ್ರಸಿದ್ಧನಾದ ಆಂಟೊನಿನ್ ಡ್ವೊರ್ಜಾಕ್. ಕೃತಿಯ ಕೊನೆಯ ಭಾಗ ಹಬ್ಬದ ಕುಣಿತದಂತೆ ಸಾಗುತ್ತಿರುವಾಗಲೇ ಥಟ್ಟನೆ ನಿಂತುಬಿಡುತ್ತದೆ. ಉಳಿದ ತಂತಿಗಳು ಕೆಳಗೆ ನಡುಗುತ್ತಿರಲು, ಮೇಲೆ ಒಂದೇ ಪಿಟೀಲು ತೀರಾ ಎತ್ತರದ ಸ್ವರವೊಂದನ್ನು ಹಿಡಿದು ಬಿಡದೆ ಕೊರೆಯುತ್ತದೆ. ಸಂಗೀತ ತಿಳಿಯದವರಿಗೂ ಅದು ಹಿತವೆನಿಸದು.

ಹಿತವೆನಿಸಬೇಕೆಂದು ಬರೆದದ್ದೂ ಅಲ್ಲ. ಅದು ಕೃತಿಕಾರ ಬೆಡ್ರಿಶ್ ಸ್ಮೆಟಾನನ ಕಿವಿಯೊಳಗೆ ಮೊರೆಯುತ್ತಿದ್ದ ಸದ್ದು. 1874ರಲ್ಲಿ, ಐವತ್ತರ ವಯಸ್ಸಿನಲ್ಲಿ, ಆತನಿಗೆ ಮೊದಲು ಒಂದು ಕಿವಿ ಕೇಳದಾಯಿತು. ಅಕ್ಟೋಬರ್ ತಿಂಗಳಲ್ಲಿ ಇನ್ನೊಂದೂ ಹೋಯಿತು. ರಂಗಮಂದಿರದ ಕೆಲಸ ಬಿಡಬೇಕಾಯಿತು. ಆದರೆ ಬರವಣಿಗೆ ನಿಲ್ಲಲಿಲ್ಲ. ವಲ್ತಾವಾ ನದಿಯ ಮೇಲಿನ ಆತನ ಪ್ರಸಿದ್ಧ ರಚನೆ ಅದೇ ವರ್ಷ ನವೆಂಬರ್ 20ರಿಂದ ಡಿಸೆಂಬರ್ 8ರೊಳಗೆ, ಪೂರ್ತಿ ಕಿವುಡಾದ ಮೇಲೆ ಹುಟ್ಟಿದ್ದು. 1876ರಲ್ಲಿ ತನ್ನ ಬದುಕಿನ ಕಥೆಯನ್ನೇ ನಾಲ್ಕು ವಾದ್ಯಗಳಿಗೆ ಬರೆಯುವಾಗ ಆತ ಆ ಸ್ವರವನ್ನೂ ಸೇರಿಸಿದ. ತನಗೊಬ್ಬನಿಗೇ ಕೇಳುತ್ತಿದ್ದುದನ್ನು ಊರಿಗೆಲ್ಲ ಕೇಳಿಸಲು ಆತನಿಗಿದ್ದ ದಾರಿ ಅದೊಂದೇ.

ಕಿವುಡು ಎಂದರೆ ನಿಶ್ಶಬ್ದ ಎಂಬುದು ಕಿವಿ ಚೆನ್ನಾಗಿರುವವರ ಕಲ್ಪನೆ. ಅನೇಕರಿಗೆ ಹೊರಗಿನ ಸದ್ದು ಕಡಿಮೆಯಾದಂತೆ ಒಳಗಿನ ಸದ್ದು ಏಳುತ್ತದೆ. ಗುಂಯ್ ಎನ್ನುತ್ತದೆ, ಜೀರುಂಡೆ ಕೂಗಿದಂತಾಗುತ್ತದೆ, ಕುಕ್ಕರಿನ ಹಬೆ ಹೊರಟಂತೆ ಸುಂಯ್‌ಗುಟ್ಟುತ್ತದೆ. ವೈದ್ಯರು ಇದನ್ನು ಟಿನ್ನಿಟಸ್ ಎನ್ನುತ್ತಾರೆ. ನಮ್ಮ ಆಯುರ್ವೇದ ಗ್ರಂಥಗಳಿಗೆ ಇದು ಹೊಸದಲ್ಲ. ಸುಶ್ರುತ ಸಂಹಿತೆ ಹೆಸರಿಸುವ 28 ಕಿವಿರೋಗಗಳಲ್ಲಿ ಬಾಧಿರ್ಯ, ಅಂದರೆ ಕಿವುಡು, ಬೇರೆ, ಕರ್ಣನಾದ ಬೇರೆ. ಭೇರಿ, ಮೃದಂಗ, ಶಂಖಗಳಂತೆ ಕೇಳಿದರೆ ಕರ್ಣನಾದ, ಕೊಳಲಿನಂತೆ ಕೇಳಿದರೆ ಕರ್ಣಕ್ಷ್ವೇಡ ಎಂಬ ಭೇದವನ್ನೂ ಹಳಬರು ಗುರುತಿಸಿದ್ದರು. ರೋಗಿಯ ಮಾತನ್ನು ಕೂತು ಕೇಳಿದವರು ಮಾತ್ರ ಮಾಡಬಲ್ಲ ವಿಂಗಡಣೆ ಇದು.

ಬೀಥೋವನ್ ಕಿವುಡನಾಗಿದ್ದ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆತನ ಕಿವಿ ಹಗಲೂ ರಾತ್ರಿ ಗುಯ್‌ಗುಡುತ್ತಿತ್ತು ಎಂಬುದು ಅಷ್ಟಾಗಿ ತಿಳಿದಿಲ್ಲ. 1801ರ ಜೂನ್‌ನಲ್ಲಿ ವೈದ್ಯಮಿತ್ರ ವೆಗೆಲರ್‌ಗೆ ಬರೆದ ಕಾಗದದಲ್ಲಿ ಆತ ಇದನ್ನೆಲ್ಲ ತೋಡಿಕೊಂಡ. ದೂರದಿಂದ ವಾದ್ಯಗಳ ಎತ್ತರದ ಸ್ವರ ಕೇಳಿಸದು. ಮೆಲ್ಲಗೆ ಮಾತಾಡಿದರೆ ದನಿ ಕೇಳುತ್ತದೆ, ಪದ ತಿಳಿಯದು. ಯಾರಾದರೂ ಕಿರುಚಿದರಂತೂ ಸಹಿಸಲಾಗದು. ಮನೆಯಲ್ಲಿ ಕಿವಿ ಮಂದವಾದ ಹಿರಿಯರಿದ್ದವರಿಗೆ ಈ ಕೊನೆಯ ದೂರು ಗೊತ್ತಿರುತ್ತದೆ: ‘ಮೆತ್ತಗೆ ಹೇಳಿದರೆ ಕೇಳಿಸಲ್ಲ, ಜೋರಾಗಿ ಹೇಳಿದರೆ ಯಾಕೆ ಕೂಗ್ತೀಯ ಅಂತಾರೆ’. ಅದು ಹಟವಲ್ಲ, ಒಳಗಿವಿಗೆ ಆದ ಪೆಟ್ಟಿನ ಲಕ್ಷಣ. ಸಂಗೀತಗಾರನಿಗೆ ಕಿವಿ ಇಲ್ಲವೆಂದು ಗೊತ್ತಾದರೆ ಏನು ಗತಿ ಎಂಬ ಭಯದಿಂದ ಬೀಥೋವನ್ ಜನರ ಸಹವಾಸವನ್ನೇ ಬಿಟ್ಟಿದ್ದ. ಮೆಟ್ರೊನೋಮಿಗೆ ಹೆಸರಾದ ಮೆಲ್‌ಟ್ಸೆಲ್ ಆತನಿಗಾಗಿ ಲೋಹದ ಕಿವಿತುತ್ತೂರಿಗಳನ್ನು ಮಾಡಿಕೊಟ್ಟ. ಅವು ಹೊರಗಿನ ಸದ್ದನ್ನು ಒಟ್ಟುಗೂಡಿಸಿ ಒಳಗೆ ಬಿಡಬಲ್ಲವಾಗಿದ್ದವು, ಅಷ್ಟೆ. ಆತನ ಕೂದಲಿನ ಡಿಎನ್ಎ ಪರೀಕ್ಷೆಯ ಫಲಿತಾಂಶ 2023ರಲ್ಲಿ ಹೊರಬಂತು. ಯಕೃತ್ತಿನ ಕಾಯಿಲೆಯ ಸುಳಿವು ಸಿಕ್ಕಿತೇ ಹೊರತು ಕಿವುಡಿನ ಕಾರಣ ಸಿಗಲಿಲ್ಲ.

ಕಿವುಡನ್ನು ಮರೆಮಾಚುವ ಚಟ ಅರಸರನ್ನೂ ಬಿಟ್ಟಿರಲಿಲ್ಲ. ಪೋರ್ಚುಗಲ್ಲಿನ ದೊರೆ ಆರನೆಯ ಜಾನ್‌ಗೆ 1819ರಲ್ಲಿ ಲಂಡನ್ನಿನ ರೈನ್ ಎಂಬಾತ ಸಿದ್ಧಪಡಿಸಿದ ಸಿಂಹಾಸನದ ಕೈಗಳು ಬಾಯ್ತೆರೆದ ಸಿಂಹಗಳು. ಬಂದವರು ಮಂಡಿಯೂರಿ ಸಿಂಹದ ಬಾಯೊಳಗೆ ಮಾತಾಡಬೇಕು. ಅದು ಕೊಳವೆಯ ಮೂಲಕ ದೊರೆಯ ಕಿವಿಗೆ ಹೋಗುತ್ತದೆ. ಕಿವುಡು ಅರಸನದು, ಮಂಡಿ ನೋವು ಪ್ರಜೆಯದು! ಇಂಗ್ಲೆಂಡಿನ ಲೇಖಕಿ ಹ್ಯಾರಿಯೆಟ್ ಮಾರ್ಟಿನೊ ಇದಕ್ಕೆ ತದ್ವಿರುದ್ಧ. ಹರೆಯದಲ್ಲೇ ಕಿವಿ ಮಂದವಾದ ಆಕೆ ತುತ್ತೂರಿಯನ್ನು ಎಲ್ಲರೆದುರು ಕಿವಿಗಿಟ್ಟು ಮಾತಿಗೆ ಕೂರುತ್ತಿದ್ದಳು. ಮುಚ್ಚಿಡುವುದರಿಂದಲೇ ಅರ್ಧ ಕಷ್ಟ ಎಂಬ ಅರ್ಥದಲ್ಲಿ 1834ರಲ್ಲಿ ಕಿವುಡರಿಗೆ ಬಹಿರಂಗ ಪತ್ರವನ್ನೇ ಬರೆದಳು. ಇಂದಿಗೂ ಕನ್ನಡಕಕ್ಕಿಲ್ಲದ ಸಂಕೋಚ ಕಿವಿ ಮಿಷನ್ನಿಗಿದೆ.

ವಿದ್ಯುತ್ತಿನ ಯಂತ್ರ 20ನೇ ಶತಮಾನದ ಹೊಸ್ತಿಲಲ್ಲಿ ಬಂತು. ನಿರ್ವಾತ ಕವಾಟಗಳ ಕಾಲದಲ್ಲಿ ಬ್ಯಾಟರಿಯ ಭಾರವನ್ನು ಮೈಗೆ ಕಟ್ಟಿಕೊಂಡು ಓಡಾಡಬೇಕಿತ್ತು. 1952ರ ಕೊನೆಯಲ್ಲಿ ಟ್ರಾನ್ಸಿಸ್ಟರ್ ಬಳಸಿದ ಯಂತ್ರ ಮಾರುಕಟ್ಟೆಗಿಳಿಯಿತು. ಟ್ರಾನ್ಸಿಸ್ಟರ್ ಕಂಡ ಮೊದಲ ಮನೆಬಳಕೆಯ ವಸ್ತುಗಳಲ್ಲಿ ಇದೂ ಒಂದು, ರೇಡಿಯೊಗಿಂತ ಮುಂಚೆ. ಆಮೇಲೆ ಯಂತ್ರ ಕಿವಿಯ ಹಿಂದಕ್ಕೆ ಸರಿಯಿತು, ಕಿವಿಯೊಳಕ್ಕೂ ಇಳಿಯಿತು.

ಒಳಗಿನ ಮೊರೆತದ ತಿಳಿವಳಿಕೆ ಮಾತ್ರ ನಿಧಾನವಾಗಿ ಬೆಳೆಯಿತು. 1953ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಕಿವಿ ಸರಿಯಿದ್ದ 80 ಜನರನ್ನು ಸದ್ದು ನುಗ್ಗದ ಕೋಣೆಯಲ್ಲಿ ಕೂರಿಸಿ, ಏನು ಕೇಳಿಸುತ್ತದೆ ಎಂದು ವಿಚಾರಿಸಿದರು. ಶೇಕಡಾ 94 ಮಂದಿ ಒಂದಲ್ಲ ಒಂದು ಸದ್ದನ್ನು ಹೇಳಿದರು. ಎಂದರೆ ಮೊರೆತ ಹುಚ್ಚೂ ಅಲ್ಲ, ಭ್ರಮೆಯೂ ಅಲ್ಲ. ಹೊರಗಿನ ಗದ್ದಲವೇ ಅದನ್ನು ಮುಚ್ಚಿರುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಬರಬೇಕಾದ ಸದ್ದು ಬಾರದಿದ್ದಾಗ ಮಿದುಳು, ಸ್ಟೇಷನ್ ಸಿಗದ ರೇಡಿಯೊದ ವಾಲ್ಯೂಮ್ ಏರಿಸಿದ ಹಾಗೆ, ತನ್ನ ಸಂವೇದನೆಯನ್ನು ಏರಿಸಿಕೊಳ್ಳುತ್ತದೆ. ಆಗ ಗೊರಗೊರ ಕೇಳುತ್ತದೆ ಎಂಬುದು ಈಗ ಬಹುಮಂದಿ ತಜ್ಞರು ಒಪ್ಪುವ ವಿವರಣೆ. 1970ರ ದಶಕದಲ್ಲಿ ಪೋರ್ಟ್‌ಲೆಂಡ್ ನಗರದಲ್ಲಿ, ಸ್ವತಃ ಮೊರೆತದಿಂದ ಬಳಲುತ್ತಿದ್ದ ವೈದ್ಯರೊಬ್ಬರು ಕಾರಂಜಿಯೊಂದರ ಬಳಿ ನಿಂತಾಗ ತಮ್ಮ ಕಿವಿಯ ಸದ್ದು ಕಾಣೆಯಾದುದನ್ನು ಗಮನಿಸಿದರು. ಜೊತೆಗಿದ್ದ ಸಂಶೋಧಕ ಜ್ಯಾಕ್ ವರ್ನನ್ ಅದರಿಂದಲೇ ಸದ್ದಿಗೆ ಸದ್ದನ್ನು ಮದ್ದಾಗಿಸುವ ಯಂತ್ರಗಳತ್ತ ಹೊರಳಿದರು.

ಶ್ರವಣಯಂತ್ರವೂ ಹಲವರಿಗೆ ಆ ಕಾರಂಜಿಯ ಕೆಲಸವನ್ನೇ ಮಾಡುತ್ತದೆ. ಮಾತು, ಹಕ್ಕಿಯ ದನಿ, ಪಾತ್ರೆಯ ಸದ್ದು ಮತ್ತೆ ಬಂದಾಗ ಮೊರೆತ ಹಿಂದೆ ಸರಿಯುತ್ತದೆ. ಎಲ್ಲರಿಗೂ ಅಲ್ಲ, ಮೊದಲ ದಿನವೇ ಅಲ್ಲ. ಹೊಸದಾಗಿ ಯಂತ್ರ ತೊಟ್ಟವರಿಗೆ ಕಾಗದದ ಸರಬರವೂ ಗದ್ದಲವೆನಿಸುತ್ತದೆ. ಎಷ್ಟೋ ಮನೆಗಳಲ್ಲಿ ಅದು ವಾರದೊಳಗೆ ಬೀರುವಿಗೆ ಸೇರುವುದು ಇದರಿಂದಲೇ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಯಂತ್ರ ಕೊಡುವ ಮೊದಲು ಪರೀಕ್ಷೆ ಮಾಡಿ, ಆಯಾ ಕಿವಿಗೆ ತಕ್ಕಂತೆ ಹೊಂದಿಸುತ್ತಾರೆ. ಯಂತ್ರದ ಬೆಲೆಗಿಂತ ಹೆಚ್ಚಿನದು ಈ ಹೊಂದಿಸುವ ಕೆಲಸ.

ರಾತ್ರಿ ಮಲಗುವಾಗ ಯಂತ್ರವನ್ನು ಕಳಚಿ ಡಬ್ಬಿಯಲ್ಲಿಡಬೇಕು. ಆಗ ಮೊರೆತ ಹಿಂತಿರುಗುತ್ತದೆ. ಚಳಿಗಾಲದಲ್ಲೂ ಫ್ಯಾನ್ ಹಾಕಿಕೊಂಡು ಮಲಗುವ ಅಜ್ಜನನ್ನು ಮನೆಯವರು ಗದರಿಸುವುದುಂಟು. ಆತನಿಗೆ ಬೇಕಾದ್ದು ಗಾಳಿಯಲ್ಲ, ಫ್ಯಾನಿನ ಸದ್ದು.