ಸೆಳೆತ, ಕೊಂಕು, ಸಿನಿಕತನ: ಪದಗಳ ಚರಿತ್ರೆ

ಸ್ನಾಯು ತಾನಾಗಿಯೇ ಬಿಗಿದು ನೋಯುವುದಕ್ಕೆ ಸೆಳೆತ ಎಂಬುದು ಕನ್ನಡದ ಮನೆಮಾತು. ಯಾರ ಒಳ್ಳೆಯತನವನ್ನೂ ನಂಬದ ಮನೋಭಾವಕ್ಕೆ ಸಿನಿಕತನ ಎಂಬುದು ಇಂಗ್ಲಿಷಿನಿಂದ ಬಂದ ಸಿನಿಕಕ್ಕೆ ಕನ್ನಡದ ‘ತನ’ ಸೇರಿ ಆದ ಪದ. ಮೊದಲನೆಯದು ದೇಹಕ್ಕೆ ಸೇರಿದ್ದು, ಎರಡನೆಯದು ಮನಸ್ಸಿಗೆ. ಆದರೂ ಇವೆರಡರ ಚರಿತ್ರೆಯನ್ನು ಜೊತೆಯಾಗಿಯೇ ಓದಬೇಕು. ಗ್ರೀಕರು ಇವನ್ನು ನಾಯಿಯ ಹೆಸರಿನಲ್ಲಿ ಕೂಡಿಸಿದರು. ಕನ್ನಡ ಎಳೆಯುವ, ಬಾಗುವ, ಎಸೆಯುವ ಕ್ರಿಯೆಗಳಲ್ಲಿ ಕೂಡಿಸಿತು.

ಸೆಳೆ ಎಂದರೆ ಎಳೆ. ಹರಿಹರದ ದಂಡೆಯಲ್ಲಿ ತುಂಗಭದ್ರೆಯ ನೀರು ಈಜುವವನನ್ನು ಎಳೆದೊಯ್ಯುವ ಬಲ ಸೆಳವು. ಕಾಲಿನ ನರ ಎಳೆದಂತಾಗುವುದು ಸೆಳೆತ. ದಾವಣಗೆರೆಯ ಕಡೆ ‘ಮೀನಖಂಡ ಹಿಡ್ಕಂಡೈತಿ’ ಎಂದರೂ ಅದೇ ನೋವು, ಅಲ್ಲಿ ಎಳೆಯುವ ಬದಲು ಹಿಡಿಯುವ ಕ್ರಿಯೆ. ಗ್ರೀಕಿನ ಸ್ಪಾಸ್ಮೋಸ್ ಸಹ ಎಳೆ ಎಂಬ ಧಾತುವಿನಿಂದಲೇ ಬಂದದ್ದು. 1965ರಲ್ಲಿ ದಾವಣಗೆರೆಯಲ್ಲಿ ಆರಂಭವಾದ ಜೆಜೆಎಂ ವೈದ್ಯಕೀಯ ಕಾಲೇಜಿನಂಥ ಕಡೆ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ‘ಸ್ಪಾಸಂ’ ಎಂದು ಕಲಿಯುವುದಕ್ಕೂ ರೋಗಿ ‘ಸೆಳೆತ’ ಎಂದು ಹೇಳಿಕೊಳ್ಳುವುದಕ್ಕೂ ಅರ್ಥದಲ್ಲಿ ಕೂದಲೆಳೆಯಷ್ಟೂ ಅಂತರವಿಲ್ಲ. ಎರಡರಲ್ಲಿ ಯಾವುದೂ ಇನ್ನೊಂದರ ಅನುವಾದವಲ್ಲ. ನೋವು ಎರಡೂ ಕಡೆ ಒಂದೇ ಬಗೆಯಲ್ಲಿ ಅನುಭವಕ್ಕೆ ಬಂದಿದೆ.

ಸಿನಿಕದ ದಾರಿ ಬೇರೆ. ಅಥೆನ್ಸಿನ ಆಂತಿಸ್ಥೆನೀಸ್, ಸಿನೋಪೆಯ ಡಯೋಜನೀಸ್ ಮುಂತಾದವರ ಪಂಥಕ್ಕೆ ಕ್ಯೂನಿಕೋಸ್, ಅಂದರೆ ನಾಯಿಯಂಥದು ಎಂಬ ಹೆಸರು ಅಂಟಿತು. ಆಂತಿಸ್ಥೆನೀಸ್ ಪಾಠ ಹೇಳಿದ ಕ್ಯೂನೋಸಾರ್ಗೆಸ್ ಎಂಬ ವ್ಯಾಯಾಮಶಾಲೆಯಿಂದ ಅದು ಬಂತೆಂಬ ವಾದವೂ ಇದೆ. ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಸೆಲ್ಸಸ್, ಮುಖದ ಸ್ನಾಯುಗಳು ಸೆಳೆದು ಬಾಯಿ ಸೊಟ್ಟಗಾಗುವ ರೋಗವನ್ನು ಗ್ರೀಕರು ‘ನಾಯಿ ಸೆಳೆತ’ ಎನ್ನುತ್ತಾರೆಂದು ದಾಖಲಿಸಿದ್ದಾನೆ. ಹೀಗೆ ತತ್ತ್ವಕ್ಕೂ ರೋಗಕ್ಕೂ ಒಂದೇ ವಿಶೇಷಣ ಸಿಕ್ಕಿತು. ಆ ಪಂಥದವರು ಸಂಪತ್ತು, ಪ್ರತಿಷ್ಠೆಗಳನ್ನು ತೊರೆದು ಸರಳ ಬಾಳನ್ನು ಸಾರಿದವರು. ಇಂದಿನ ಸಿನಿಕನಿಗೆ ಅವರ ಹೆಸರಿದೆ, ಅವರ ವ್ರತವಿಲ್ಲ. ಈ ಅರ್ಥಪಲ್ಲಟ ಯುರೋಪಿನಲ್ಲೇ ಮುಗಿದಿತ್ತು, ಕನ್ನಡಕ್ಕೆ ಬಂದದ್ದು ಅದರ ಕೊನೆಯ ರೂಪ ಮಾತ್ರ.

ಕನ್ನಡದಲ್ಲಿ ದೇಹವನ್ನೂ ಮಾತನ್ನೂ ಬೆಸೆಯುವ ಪದ ಕೊಂಕು. ಬಾಗು, ಡೊಂಕಾಗು ಎಂಬುದು ಅದರ ಮೂಲಾರ್ಥ. 1894ರ ಕಿಟೆಲ್ ನಿಘಂಟಿನಲ್ಲೂ ಅದೇ ಇದೆ. ನೇರ ಮಾತು ಬಾಗಿದರೆ ಕೊಂಕುನುಡಿ, ಒಳ್ಳೆಯದರಲ್ಲೂ ದೋಷ ಹುಡುಕಿದರೆ ಕೊಂಕು ತೆಗೆಯುವುದು. ಮೂಗು ಮುರಿಯುವುದು, ಸೆಟೆದು ನಿಲ್ಲುವುದು ಇವೂ ಅಂಗವಿಕಾರದಿಂದ ಸ್ವಭಾವಕ್ಕೆ ದಾಟಿದ ನುಡಿಗಟ್ಟುಗಳೇ. ಸಂಸ್ಕೃತದ ಆಕ್ಷೇಪ ಇನ್ನೂ ಬಲವಾದ ಸಾಕ್ಷಿ. ಕ್ಷಿಪ್ ಎಂದರೆ ಎಸೆ. ಚರಕಸಂಹಿತೆಯ ವಾತವ್ಯಾಧಿ ಪ್ರಕರಣದಲ್ಲಿ ಕೈಕಾಲುಗಳನ್ನು ಎತ್ತಿ ಎಸೆದಂತೆ ಮಾಡುವ ರೋಗ ಆಕ್ಷೇಪಕ. ದಂಡಿಯ ಕಾವ್ಯಾದರ್ಶದಲ್ಲಿ ನಿಷೇಧದ ಮಾತಿನ ಅಲಂಕಾರ ಆಕ್ಷೇಪ.

ಒಂದೇ ಧಾತುವಿನಿಂದ ಎರಡು ಪದ ಹುಟ್ಟಿದ್ದು ಆಕಸ್ಮಿಕವಿರಬಹುದು, ದೇಹದ ವಿಕಾರದ ಪದಗಳೇ ಮಾತಿಗೂ ಸ್ವಭಾವಕ್ಕೂ ದಾಟುತ್ತವೆ ಎಂಬ ದೊಡ್ಡ ತೀರ್ಮಾನ ಅದರಿಂದ ಸಲ್ಲದು ಎಂದು ಆಕ್ಷೇಪಿಸಬಹುದು. ಸಂಸ್ಕೃತವೊಂದೇ ಸಾಕ್ಷಿಯಾಗಿದ್ದರೆ ಅದನ್ನು ಒಪ್ಪಬೇಕಾಗಿತ್ತು. ಬೇರೆ ಭಾಷಾಕುಲದ ಕೊಂಕು ತನ್ನಷ್ಟಕ್ಕೆ ಅದೇ ಹಾದಿ ಹಿಡಿದಿರುವುದರಿಂದ ಆಕಸ್ಮಿಕದ ವಾದ ಸಡಿಲಗೊಳ್ಳುತ್ತದೆ. ಕೊಂಕು ಇರುವಾಗ ಸಿನಿಕತನ ಏತಕ್ಕೆ ಎಂಬ ಪ್ರಶ್ನೆಗೆ ಹೆಚ್ಚು ತೂಕವಿದೆ. ಕೊಂಕು ಆಡಿದವನು ಮರುಗಳಿಗೆ ನೇರವಾಗಿ ಮಾತಾಡಬಲ್ಲ, ಏಕೆಂದರೆ ಅದು ಮಾತಿನ ಗುಣ. ಸಿನಿಕತನ ಬಾಯಿ ತೆರೆಯದೆಯೂ ಒಳಗೆ ಗಟ್ಟಿಯಾಗಿ ಕೂತ ಅಪನಂಬಿಕೆ. ಆ ಸ್ಥಾಯಿ ಭಾವಕ್ಕೆ ಕನ್ನಡದಲ್ಲಿ ಒಂಟಿ ಪದವಿರಲಿಲ್ಲವಾದ್ದರಿಂದ ಈ ಎರವಲು ಸರಿಯಾದದ್ದೇ. ಕುಹಕ ಎಂಬ ಪದದಲ್ಲಿ ಮೋಸದ ಛಾಯೆ ಇರುವುದರಿಂದ ಅದು ಈ ಕೆಲಸಕ್ಕೆ ಒದಗುವುದಿಲ್ಲ.

ರೋಗದ ಹೆಸರುಗಳಲ್ಲಿ ಧನುರ್ವಾಯು ಇಂದಿಗೂ ಜನರ ಬಾಯಲ್ಲಿದೆ. ಮೈ ಬಿಲ್ಲಿನಂತೆ ಬಾಗುವುದನ್ನು ಅದು ಕಣ್ಣಿಗೆ ಕಟ್ಟುತ್ತದೆ. ಆಕ್ಷೇಪಕ ಆಯುರ್ವೇದದ ಪಠ್ಯಗಳಲ್ಲಿ ಉಳಿದಿದೆ. ಆಕ್ಷೇಪಣೆ ಮಾತ್ರ ವೈದ್ಯದ ನಂಟು ಪೂರ್ತಿ ಕಳಚಿಕೊಂಡು ಕಚೇರಿ, ನ್ಯಾಯಾಲಯಗಳ ಪ್ರಕಟಣೆಗಳಲ್ಲಿ ಬಳಕೆಯಲ್ಲಿದೆ.