ಗಂಡಭೇರುಂಡ: ರಾಜಲಾಂಛನದಿಂದ ರಾಜ್ಯಲಾಂಛನಕ್ಕೆ

ಕರ್ನಾಟಕದ ರಾಜ್ಯಲಾಂಛನದ ನಡುವೆ, ನೀಲಿ ಅಂಚಿನ ಕೆಂಪು ಗುರಾಣಿಯ ಮೇಲೆ, ಬಿಳಿಯ ಗಂಡಭೇರುಂಡವಿದೆ. ಸಿಂಹದ ಒಡಲು, ಆನೆಯ ತಲೆಯುಳ್ಳ ಎರಡು ಶರಭಗಳು ಗುರಾಣಿಯ ಇಕ್ಕೆಲಗಳಲ್ಲಿ ನಿಂತಿವೆ. ಮೇಲ್ಭಾಗದಲ್ಲಿ ಸಾರನಾಥದ ಅಶೋಕಸ್ತಂಭದ ಸಿಂಹಶೀರ್ಷವಿದೆ. ಮೈಸೂರು ಒಡೆಯರ ರಾಜಲಾಂಛನದಿಂದ ರೂಪುಗೊಂಡ ಕಾರಣ ಇದನ್ನು ಹಳೆಯ ಮೈಸೂರಿನ ಗುರುತೆಂದಷ್ಟೇ ಗ್ರಹಿಸುವುದುಂಟು. 1956ರಲ್ಲಿ ಏಕೀಕರಣಗೊಂಡು 1973ರಲ್ಲಿ ಕರ್ನಾಟಕವೆಂಬ ಹೆಸರು ಪಡೆದ ನಾಡಿಗೆ ಒಂದು ಅರಮನೆಯ ಗುರುತು ಸಲ್ಲುವುದು ಹೇಗೆ? ಈ ಪ್ರಶ್ನೆಗೆ ಶಾಸನ, ಶಿಲ್ಪ ಹಾಗೂ ಕಥೆಗಳು ಉತ್ತರ ನೀಡುತ್ತವೆ.

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿರುವ ಗಂಡಭೇರುಂಡ ಸ್ತಂಭವನ್ನು 1047ರಲ್ಲಿ ನಿಲ್ಲಿಸಿದವನು ಬನವಾಸಿ ನಾಡನ್ನಾಳುತ್ತಿದ್ದ ಚಾವುಂಡರಾಯ. ಈತ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ಮಾಂಡಲಿಕ. ಒಡೆಯರ ವಂಶದ ಆರಂಭವೆಂದು ಸಂಪ್ರದಾಯವು ಹೇಳುವ 1399ಕ್ಕಿಂತ ಈ ಕಂಬ ಮೂರೂವರೆ ಶತಮಾನ ಹಿಂದಿನದು. ಅಲ್ಲಿನ ಮೂರ್ತಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆಗಳು. ಶಾಸನಗಳಲ್ಲಿ ಕಾಣುವ 'ಭೇರುಂಡಗಳೆ' ಎಂಬ ಭೂಮಾಪನದ ಕೋಲಿನ ಹೆಸರು, ಈ ಹಕ್ಕಿ ಆಸ್ಥಾನದಾಚೆಗೆ ಹೊಲಗದ್ದೆಗಳ ವ್ಯವಹಾರಕ್ಕೂ ಇಳಿದಿದ್ದುದನ್ನು ಸೂಚಿಸುತ್ತದೆ.

ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪವೊಂದರಲ್ಲಿ ಜಿಂಕೆಯನ್ನು ಹೆಬ್ಬಾವು, ಅದನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿವೆ. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯಗಳಲ್ಲಿ ಹಕ್ಕಿಯು ಕೊಕ್ಕು ಮತ್ತು ಉಗುರುಗಳಲ್ಲಿ ಆನೆಗಳನ್ನೆತ್ತಿದೆ. ಇಲ್ಲೆಲ್ಲ ಅದು ಎದುರಿಲ್ಲದ ಬಲದ ಸಂಕೇತ. ನರಸಿಂಹನನ್ನಡಗಿಸಲು ಶಿವನು ಶರಭನಾದನೆಂದೂ, ಆ ಶರಭನನ್ನೆದುರಿಸಲು ವಿಷ್ಣುವು ಗಂಡಭೇರುಂಡನಾದನೆಂದೂ ಹೇಳುವ ಕಥೆಯಲ್ಲಿ ಶೈವ-ವೈಷ್ಣವ ಸ್ಪರ್ಧೆಯ ನೆರಳಿದೆ. ಪಂಚತಂತ್ರ ಪರಂಪರೆಯ ಭೇರುಂಡದ ಕಥೆಯ ದನಿಯೇ ಬೇರೆ. ಅಲ್ಲಿ ತಲೆಗಳೆರಡು, ಹೊಟ್ಟೆಯೊಂದು. ರುಚಿಯಾದುದನ್ನು ತನಗೆ ಕೊಡದ ತಲೆಯ ಮೇಲಿನ ಹಗೆಯಿಂದ ಇನ್ನೊಂದು ತಲೆ ವಿಷವನ್ನು ನುಂಗಲು, ಹಕ್ಕಿಯೇ ಸಾಯುತ್ತದೆ.

ಇಂದಿನ ಲಾಂಛನದಲ್ಲಿ ಹಕ್ಕಿಯ ಕೊಕ್ಕು, ಉಗುರುಗಳು ಬರಿದಾಗಿವೆ, ಅಲ್ಲಿ ಬೇಟೆಯಿಲ್ಲ. ಬೇಲೂರಿನಲ್ಲಿ ಅದರ ಆಹಾರವಾಗಿದ್ದ, ಪುರಾಣದಲ್ಲಿ ಅದರ ಎದುರಾಳಿಯಾಗಿದ್ದ ಶರಭವು ಇಲ್ಲಿ ಗುರಾಣಿಗೆ ಕಾವಲಾಗಿ ನಿಂತಿದೆ. ರೂಪ ಅರಮನೆಯಿಂದ ಬಂದಿದ್ದರೂ ಅದರ ಬೇರು ಕಲ್ಯಾಣ, ಬನವಾಸಿ, ಬೇಲೂರು, ವಿಜಯನಗರಗಳಲ್ಲಿ ಹರಡಿಕೊಂಡಿದೆ. ಆದುದರಿಂದ ಇದನ್ನು ಒಂದೇ ವಂಶದ ಅಥವಾ ಒಂದೇ ಪ್ರಾಂತದ ಸ್ವತ್ತೆಂದು ಭಾವಿಸಲಾಗದು. ಹಲವು ಆಡಳಿತಗಳಿಂದ ಬಂದು ಒಂದಾದ ನಾಡಿಗೆ, ನಾಣ್ಯದ ಮೇಲಿನ ಬಲಶಾಲಿ ಹಕ್ಕಿಗಿಂತ ಒಂದೇ ಹೊಟ್ಟೆಯ ಕಥೆಯ ಹಕ್ಕಿಯೇ ಹೆಚ್ಚು ಸಲ್ಲುವ ಅರ್ಥವನ್ನು ನೀಡುತ್ತದೆ.